ಪದಚರ್ಚೆ: ಟಿಕೆಟ್ ‘ತೆಗೆದುಕೊಳ್ಳುವುದು’, ‘ತೆಗೆದಿಡುವುದು’, ‘ಹರಿಯುವುದು’

ಬಳಗದ ಎಲ್ಲರಿಗೂ ನಮಸ್ಕಾರ.

ಅಂತರ್ಜಾಲ ಬರುವುದಕ್ಕೆ ಮುಂಚೆ ಅಮೆರಿಕದ ಸಂಗೀತಪ್ರಿಯರು ಕಚೇರಿಗಳಿಗೆ ಟಿಕೆಟ್ ಹೇಗೆ ಪಡೆಯುತ್ತಿದ್ದರು ಎಂಬ ಲೇಖನವೊಂದನ್ನು ಇಲ್ಲಿಯ ಮಾಸಪತ್ರಿಕೆಯೊಂದಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಸುಲಭ, ಕ್ರಿಯಾಪದ ಕಷ್ಟ. ನಾನು ‘ಟಿಕೆಟ್ ತೆಗೆದುಕೊಂಡರು’ ಎಂದು ಬರೆದ ಕಡೆಯಲ್ಲೆಲ್ಲ ಕರಡು ತಿದ್ದುವವರು ‘ಟಿಕೆಟ್ ಕಾಯ್ದಿರಿಸಿದರು’ ಎಂದು ಬದಲಿಸಿ ಕಳುಹಿಸಿದ್ದಾರೆ. ‘ತೆಗೆದುಕೊಳ್ಳು’ ಎಂಬುದು ತರಕಾರಿಗೂ ಔಷಧಕ್ಕೂ ಬಳಸುವ ಸವಕಲು ಮಾತು, ‘ಕಾಯ್ದಿರಿಸು’ ಅಚ್ಚಿಗೆ ಒಪ್ಪುವ ಮಾತು ಎಂಬುದು ಅವರ ವಾದ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಆದರೆ ಒಪ್ಪಿಗೆಯಿಲ್ಲ ಎಂದರೆ ಸಾಲದು, ಕಾರಣ ಕೊಡಬೇಕು. ಅದಕ್ಕೆ ನಿಮ್ಮ ನೆರವು ಬೇಕು.

ಮೊದಲು ಅಲ್ಲಿಯ ಸಂಗತಿ. ಕಚೇರಿ ಘೋಷಣೆಯಾದ ಮೇಲೆ ರಂಗಮಂದಿರದ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಿದ್ದರು. ಅಂಚೆಯಲ್ಲಿ ಹಣ ಕಳುಹಿಸಿ ತರಿಸಿಕೊಳ್ಳುವವರೂ ಇದ್ದರು. 1960ರ ದಶಕದ ಕೊನೆಯ ಹೊತ್ತಿಗೆ ಟಿಕೆಟ್ರಾನ್ ಎಂಬ ಕಂಪನಿ ದೊಡ್ಡ ಅಂಗಡಿಗಳೊಳಗೆ ಗಣಕಯಂತ್ರದ ಟರ್ಮಿನಲ್‌ಗಳನ್ನು ಇಟ್ಟು ಅಲ್ಲೇ ಟಿಕೆಟ್ ಮುದ್ರಿಸಿಕೊಡತೊಡಗಿತು. 1976ರಲ್ಲಿ ಅರಿಜೋನಾದಲ್ಲಿ ಹುಟ್ಟಿದ ಟಿಕೆಟ್‌ಮಾಸ್ಟರ್ 1991ರಲ್ಲಿ ಅದನ್ನೇ ಕೊಂಡುಕೊಂಡಿತು. ಜನಪ್ರಿಯ ತಂಡವಾದರೆ ಹಿಂದಿನ ರಾತ್ರಿಯೇ ಕಂಬಳಿ ಹೊದ್ದು ಅಂಗಡಿಯ ಮುಂದೆ ಮಲಗುವುದು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಗಲ್ಲಾದತ್ತ ಓಡುವುದು. ಈ ಗದ್ದಲ ತಪ್ಪಿಸಲು ಆಮೇಲೆ ಸಂಖ್ಯೆ ಬರೆದ ಕೈಪಟ್ಟಿ ಹಂಚಿ, ಲಾಟರಿಯಂತೆ ಒಂದು ಸಂಖ್ಯೆ ಎತ್ತಿ, ಅಲ್ಲಿಂದ ಸಾಲು ಆರಂಭಿಸುವ ಪದ್ಧತಿಯೂ ಬಂತು.

ಇಲ್ಲಿ ಯಾರು ಏನನ್ನು ‘ಕಾಯ್ದಿರಿಸಿದರು’? ಕಾದವರು ಇವರೇ, ಇರಿಸಿದ್ದು ಏನೂ ಇಲ್ಲ.

ಹಾಸ್ಯಕ್ಕೆ ಹೇಳುತ್ತಿಲ್ಲ. ಲೇಖನದಲ್ಲಿ 1979ರ ಡಿಸೆಂಬರ್ 3ರ ಸಿನ್ಸಿನಾಟಿ ದುರಂತದ ಪ್ರಸ್ತಾಪವಿದೆ. ‘ದ ಹೂ’ ಎಂಬ ಬ್ರಿಟಿಷ್ ರಾಕ್ ತಂಡದ (ನಮ್ಮ ಹೂವಿಗೂ ಅದಕ್ಕೂ ಸಂಬಂಧವಿಲ್ಲ) ಕಚೇರಿಗೆ ಸುಮಾರು 18,000 ಟಿಕೆಟ್ ಮಾರಾಟವಾಗಿದ್ದವು. ಬಹುಪಾಲು ಟಿಕೆಟ್‌ಗಳ ಮೇಲೆ ಆಸನದ ಸಂಖ್ಯೆಯೇ ಇರಲಿಲ್ಲ. ಮೊದಲು ಒಳಗೆ ಹೋದವರಿಗೆ ವೇದಿಕೆಯ ಹತ್ತಿರದ ಜಾಗ. ಚಳಿಯಲ್ಲಿ ಗಂಟೆಗಟ್ಟಲೆ ನಿಂತಿದ್ದ ಜನ, ತೆರೆದದ್ದು ಕೆಲವೇ ಬಾಗಿಲು. ನೂಕುನುಗ್ಗಲಿನಲ್ಲಿ 11 ಮಂದಿ ಉಸಿರುಗಟ್ಟಿ ಸತ್ತರು. ಆಮೇಲೆ ಆ ನಗರ ಆಸನ ನಿಗದಿಯಿಲ್ಲದ ಪದ್ಧತಿಯನ್ನೇ ನಿಷೇಧಿಸಿತು. ಈಗ ತಿದ್ದಿದ ಕರಡಿನ ಸಾಲು ಹೀಗಿದೆ: ‘ಟಿಕೆಟ್ ಕಾಯ್ದಿರಿಸಿದ್ದ ಸಾವಿರಾರು ಜನ ಬಾಗಿಲ ಬಳಿ ನುಗ್ಗಿದರು.’ ಕಾಯ್ದಿರಿಸಿದ್ದರೆ ಅವರು ನುಗ್ಗುತ್ತಿರಲಿಲ್ಲ! ಬಹುಪಾಲು ಜನರಿಗೆ ಆಸನ ಕಾಯ್ದಿರಿಸಿರಲಿಲ್ಲ ಎಂಬುದೇ ಆ ಸಾವುಗಳಿಗೆ ಒಂದು ಮುಖ್ಯ ಕಾರಣ. ಒಂದು ಕ್ರಿಯಾಪದ ಇಡೀ ಸಂಗತಿಯನ್ನು ತಲೆಕೆಳಗು ಮಾಡಿದೆ.

ಹಾಗಾದರೆ ನಮ್ಮಲ್ಲಿ ಏನು ಹೇಳುತ್ತಿದ್ದರು? ನಾನು ಬೆಂಗಳೂರಿನವನು, ಬಸವನಗುಡಿ ಮತ್ತು ಚಾಮರಾಜಪೇಟೆಯ ನಡುವೆ ಬೆಳೆದವನು. ಆದ್ದರಿಂದ ಈ ಸುತ್ತಿನ ಮಾತನ್ನಷ್ಟೇ ಹೇಳಬಲ್ಲೆ. ಇಲ್ಲಿ ಟಿಕೆಟ್‌ನ ಜೊತೆ ಬರುವ ಕ್ರಿಯಾಪದ ಟಿಕೆಟ್ ಯಾರ ಕೈಯಿಂದ ಬಂತು ಎಂಬುದನ್ನು ಹೇಳುತ್ತಿತ್ತು. ಕಿಟಕಿಯಲ್ಲಿ ಹಣ ಕೊಟ್ಟು ನಾವೇ ಪಡೆದರೆ ‘ತೆಗೆದುಕೊಳ್ಳು’. ಇನ್ನೊಬ್ಬರ ಕೈಯಲ್ಲಿ ಹಣ ಕೊಟ್ಟು ತರಿಸಿದರೆ ‘ತೆಗೆಸು’. ಪರಿಚಯದ ಅಂಗಡಿಯವರಿಗೆ ‘ಎರಡು ಟಿಕೆಟ್ ತೆಗೆದಿಡಿ, ಸಂಜೆ ಬರುತ್ತೇನೆ’ ಎಂದು ಹೇಳಿ ಹೋದರೆ ‘ತೆಗೆದಿಡು’. ಹಣ ಕೊಡದೆ, ಸಂಘದ ಕಾರ್ಯದರ್ಶಿಯ ಹಿಂದೆ ಸುತ್ತಿ ಪಡೆದರೆ ‘ಪಾಸ್ ಗಿಟ್ಟಿಸು’. ಈ ಕೊನೆಯದನ್ನು ಟಿಕೆಟ್‌ಗೆ ಯಾರೂ ಬಳಸುತ್ತಿರಲಿಲ್ಲ. ಟಿಕೆಟ್ ಗಿಟ್ಟಿಸುವಂಥದ್ದಾದದ್ದು ರಾಜಕೀಯ ಪಕ್ಷಗಳಲ್ಲಿ ಮಾತ್ರ.

ನನ್ನ ಪ್ರಕಾರ ‘ಕಾಯ್ದಿರಿಸು’ ಹೇಳಬೇಕಾದ ಅರ್ಥಕ್ಕೆ ಬೆಂಗಳೂರಿನ ಬೀದಿಯಲ್ಲಿ ಇದ್ದ ನಿಜವಾದ ಮಾತು ಈ ‘ತೆಗೆದಿಡು’. ಹಣ ಇನ್ನೂ ಕೊಟ್ಟಿಲ್ಲ, ಕಾಗದದ ಮೇಲೆ ಹೆಸರಿಲ್ಲ, ಆದರೂ ಅದು ನಮ್ಮದು. ಅಂಗಡಿಯವರು ಟಿಕೆಟ್‌ಗಳನ್ನು ಮೇಜಿನ ಗಾಜಿನ ಅಡಿಗೆ ಸೇರಿಸಿದರೆ ವ್ಯವಹಾರ ಮುಗಿಯಿತು. ಹಳೆಯ ಕರಪತ್ರಗಳ ಕೊನೆಯಲ್ಲಿ ‘ಟಿಕೆಟ್ಟುಗಳು ದೊರೆಯುವ ಸ್ಥಳಗಳು’ ಎಂಬ ತಲೆಬರಹದ ಕೆಳಗೆ ಪುಸ್ತಕದಂಗಡಿ, ವಾದ್ಯಗಳ ಅಂಗಡಿ, ಹೋಟೆಲು, ಕೆಲವೊಮ್ಮೆ ಸಂಘದ ಪದಾಧಿಕಾರಿಯ ಮನೆಯ ವಿಳಾಸ ಕೂಡ ಇರುತ್ತಿತ್ತು. ಆ ‘ದೊರೆಯುವ’ ಎಂಬ ಮಾತನ್ನು ಗಮನಿಸಿ. ಮಾರುವವರು ಮಾರುತ್ತೇವೆ ಎನ್ನುತ್ತಿರಲಿಲ್ಲ.

‘ಮಾಡಿಸು’ ಬೇರೆಯೇ ಜಾತಿ. ರೈಲಿಗೆ ಟಿಕೆಟ್ ಮಾಡಿಸುತ್ತೇವೆ, ದೂರದ ಬಸ್ಸಿಗೂ ಮಾಡಿಸುತ್ತೇವೆ. ಸಂಗೀತ ಕಚೇರಿಗೆ ಟಿಕೆಟ್ ಮಾಡಿಸಿದೆ ಎಂದರೆ ನನ್ನ ಕಿವಿಗೆ ಹೊಂದುವುದಿಲ್ಲ. ಯಾಕಿರಬಹುದು ಎಂದು ಯೋಚಿಸಿದಾಗ ಹೊಳೆದದ್ದು: ನಮ್ಮ ಹೆಸರು ಬರೆದುಕೊಡಬೇಕಾದದ್ದನ್ನೆಲ್ಲ ನಾವು ‘ಮಾಡಿಸು’ತ್ತೇವೆ. ಬಸ್ ಪಾಸ್ ಮಾಡಿಸು, ಪಡಿತರ ಚೀಟಿ ಮಾಡಿಸು, ಲೈಸೆನ್ಸ್ ಮಾಡಿಸು, ಆಧಾರ್ ಮಾಡಿಸು. ರೈಲಿಗೂ ಹೆಸರು, ವಯಸ್ಸು ತುಂಬಿದ ಅರ್ಜಿ ಕೊಡಬೇಕಿತ್ತು. ಕಚೇರಿಯ ಟಿಕೆಟ್ ಅನಾಮಧೇಯ, ಯಾರ ಕೈಯಲ್ಲಿದೆಯೋ ಅವರದ್ದು. ಈ ನಿಯಮಕ್ಕೆ ಅಪವಾದಗಳು ಇದ್ದರೆ ತಿಳಿಸಿ. ಇಡೀ ಋತುವಿನ ಟಿಕೆಟ್ ವಿಚಾರದಲ್ಲಿ ಎರಡೂ ಕೇಳಿದ ನೆನಪು, ಆದ್ದರಿಂದ ಖಚಿತವಾಗಿ ಹೇಳಲಾರೆ.

ಋತುವಿನ ಟಿಕೆಟ್ ಎಂದೊಡನೆ ಚಾಮರಾಜಪೇಟೆಯ ರಾಮೋತ್ಸವ, ಅಂದರೆ ರಾಮನವಮಿಯ ಸಂಗೀತೋತ್ಸವ, ಬರಲೇಬೇಕು. ಅದನ್ನು ನಡೆಸುವ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭವಾದದ್ದು. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ಜಾಗ. ಒಳಗೆ ಕುರ್ಚಿಗೆ ಟಿಕೆಟ್, ಹೊರಗೆ ರಸ್ತೆಯ ಬದಿಯಲ್ಲಿ ಚಾಪೆ ಹಾಸಿ ಧ್ವನಿವರ್ಧಕದಲ್ಲಿ ಕೇಳುವವರಿಗೆ ಏನೂ ಇಲ್ಲ. ಒಳಗಿನವರಿಗಿಂತ ಹೊರಗಿನವರೇ ಒಳ್ಳೆಯ ರಸಿಕರು ಎಂದು ನಮ್ಮ ಮನೆಯಲ್ಲಿ ವಾದವಿತ್ತು, ನಾವು ಹೊರಗಿನವರಾಗಿದ್ದರಿಂದ ಇರಬಹುದು. ಹೀಗೆ ಟಿಕೆಟ್ ಇಲ್ಲದೆ ಹೊರಗೆ ಕುಳಿತು ಕೇಳುವವರಿಗೆ ಕನ್ನಡದಲ್ಲಿ ಪ್ರತ್ಯೇಕ ಹೆಸರು ಇತ್ತೇ? ಅಮೆರಿಕದ ಲೇಖನದಲ್ಲೂ ವಾಹನ ನಿಲ್ಲಿಸುವ ಬಯಲಿನಲ್ಲಿ ನಿಂತು ಕೇಳುವವರು ಬರುತ್ತಾರೆ. ‘ಬಿಟ್ಟಿ ಕೇಳುಗರು’ ಎಂದರೆ ಬೈದಂತಾಗುತ್ತದೆ.

ಈಗ ನನ್ನನ್ನು ನಿಜವಾಗಿ ಕಾಡುತ್ತಿರುವ ಪದಕ್ಕೆ ಬರುತ್ತೇನೆ: ‘ಹರಿ’.

ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ‘ಸಹಾಯಾರ್ಥ’ ಸಂಗೀತ, ನಾಟಕ ಏರ್ಪಡಿಸುತ್ತಿದ್ದ ಕಾಲದಲ್ಲಿ ಪ್ರತಿಯೊಬ್ಬ ಕಾರ್ಯಕರ್ತನಿಗೂ ಟಿಕೆಟ್ ಪುಸ್ತಕಗಳನ್ನು ಹಂಚುತ್ತಿದ್ದರು. ಅವನು ಮನೆಮನೆ ಅಲೆದು, ನೆಂಟರನ್ನು, ಕಚೇರಿಯ ಸಹೋದ್ಯೋಗಿಗಳನ್ನು ಕಾಡಿ ಮಾರಬೇಕು. (ಇಲ್ಲಿ ‘ಕಚೇರಿ’ ಅಂದರೆ ಕೆಲಸದ ಕಚೇರಿ. ಈ ಪದದ ಎರಡು ಅರ್ಥಗಳಿಂದ ಅನುವಾದಕನಿಗೆ ಆಗುವ ಹಿಂಸೆ ಇನ್ನೊಂದು ಪತ್ರಕ್ಕಾಗುವಷ್ಟಿದೆ.) ಅಂಥ ಪುಸ್ತಕಗಳನ್ನು ಹೊತ್ತು ತಿರುಗಿದ ನಮ್ಮ ಬಡಾವಣೆಯ ಹಿರಿಯರೊಬ್ಬರು ಮೊನ್ನೆ ಮಾತಿನ ನಡುವೆ ‘ನನ್ನ ಪುಸ್ತಕ ಪೂರ್ತಿ ಹರಿಯಿತು, ಇವನದು ಅರ್ಧವೂ ಹರಿಯಲಿಲ್ಲ’ ಎಂದರು. ಅರ್ಥ ಸ್ಪಷ್ಟ: ಮಾರಾಟವಾಯಿತು. ಆದರೆ ಇದು ಯಾವ ‘ಹರಿ’?

ಒಂದು, ಕಾಗದ ಹರಿಯುವ ‘ಹರಿ’. ಪುಸ್ತಕದಿಂದ ಟಿಕೆಟ್ ಹರಿದು ಕೊಡುತ್ತಾರೆ, ಅಡಿತುಂಡು ಪುಸ್ತಕದಲ್ಲೇ ಉಳಿಯುತ್ತದೆ. ಬಸ್ಸಿನ ನಿರ್ವಾಹಕರೂ ಟಿಕೆಟ್ ಹರಿದೇ ಕೊಡುತ್ತಿದ್ದರು. ಎರಡು, ಋಣ ಹರಿಯಿತು, ಸಾಲ ಹರಿಯಿತು ಎನ್ನುವಾಗಿನ ‘ಹರಿ’. ತೀರಿತು, ಬಾಕಿ ಇಲ್ಲ ಎಂಬ ಅರ್ಥ. ಪುಸ್ತಕ ಹಿಡಿದವನಿಗೆ ಅದು ಸಾಲವೇ ಹೌದು: ಮಾರದೆ ಉಳಿದರೆ ಕೈಯಿಂದ ತುಂಬಬೇಕಾದ ಮುಜುಗರ. ಹಳಗನ್ನಡದ ‘ಪರಿ’ ನಮ್ಮ ‘ಹರಿ’ ಆಯಿತು, ಹೊಳೆ ಹರಿಯುವುದೂ ಬಟ್ಟೆ ಹರಿಯುವುದೂ ಇಂದು ಒಂದೇ ರೂಪದಲ್ಲಿವೆ ಎಂಬಷ್ಟು ನನಗೆ ಗೊತ್ತು. ಆ ಹಿರಿಯರನ್ನೇ ಕೇಳಿದೆ. ‘ಹರಿಯಿತು ಅಂದರೆ ಹರಿಯಿತು, ಅದರಲ್ಲೇನು’ ಎಂದುಬಿಟ್ಟರು.

ಇದರ ಜೊತೆ ಇನ್ನೊಂದು ತೊಡಕು. ಬಾಗಿಲಲ್ಲಿ ನಿಂತವನೂ ಟಿಕೆಟ್ ಹರಿಯುತ್ತಾನೆ, ಅರ್ಧ ತಾನಿಟ್ಟುಕೊಂಡು ಅರ್ಧ ನಮಗೆ ಕೊಡುತ್ತಾನೆ. ಆ ನಮ್ಮ ಅರ್ಧವನ್ನು ಅಮೆರಿಕದ ಅಭಿಮಾನಿಗಳು ದಶಕಗಟ್ಟಲೆ ಜೋಪಾನ ಮಾಡಿದ್ದಾರೆ. ಲೇಖನದ ಅರ್ಧ ಭಾಗ ಅದರ ಬಗ್ಗೆಯೇ ಇದೆ. ‘ಹರಿದ ಟಿಕೆಟ್’ ಎಂದರೆ ಹಾಳಾದ ಟಿಕೆಟ್ ಎಂದು ಓದಿಕೊಳ್ಳುವ ಅಪಾಯವಿದೆ. ‘ಅರ್ಧ ಟಿಕೆಟ್’ ಮಕ್ಕಳದ್ದು. ‘ಅರೆಚೀಟಿ’ ಎಂದು ಸದ್ಯಕ್ಕೆ ಹಾಕಿದ್ದೇನೆ, ಮನಸ್ಸು ಒಪ್ಪಿಲ್ಲ.

ಸಾಲಿನ ವಿಚಾರ ಬೇಗ ಮುಗಿಸುತ್ತೇನೆ. ಪತ್ರಿಕೆಗಳು ‘ಸರದಿ ಸಾಲು’ ಎಂದೂ ‘ಸರತಿ ಸಾಲು’ ಎಂದೂ ಬರೆಯುತ್ತವೆ. ನಾನು ‘ಸರದಿ’ಯ ಪಕ್ಷ. ರಾತ್ರಿಯಿಡೀ ಮಲಗುವ ಸಾಲಿಗೆ ಬರೀ ‘ಸಾಲು’ ಸಾಕು, ಯಾಕೆಂದರೆ ಅಲ್ಲಿ ಸರದಿ ಯಾರೂ ಪಾಲಿಸುತ್ತಿರಲಿಲ್ಲ.

ದುಬಾರಿ ಬೆಲೆಗೆ ಹೊರಗೆ ನಿಂತು ಮಾರುವವನಿಗೆ ‘ಕಾಳಸಂತೆಕೋರ’ ಎಂದು ಕರಡು ತಿದ್ದುವವರು ಸೂಚಿಸಿದ್ದಾರೆ. ಈ ‘ಕೋರ’ ಲಂಚಕೋರನಲ್ಲಿ ಇರುವ ಪಾರ್ಸಿ ಮೂಲದ್ದೇ, ತಿನ್ನುವವನು ಎಂಬ ಅರ್ಥದ್ದು. ಅಕ್ಕಿ, ಸಕ್ಕರೆ ಬಚ್ಚಿಟ್ಟವನಿಗೆ ಅದು ಸರಿ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ‘ಬಾಲ್ಕನಿ, ಬಾಲ್ಕನಿ’ ಎಂದು ತುಟಿ ಅಲುಗಿಸದೆ ಹೇಳುತ್ತ ಪಕ್ಕದಲ್ಲೇ ಹಾದುಹೋಗುತ್ತಿದ್ದವನಿಗೆ ಅಷ್ಟು ದೊಡ್ಡ ಪದವಿ ಬೇಡ. ಅವನನ್ನು ಎಲ್ಲರೂ ‘ಬ್ಲ್ಯಾಕ್ ಟಿಕೆಟ್ಟಿನವನು’ ಎಂದೇ ಕರೆದದ್ದು, ನಾನೂ ಅದನ್ನೇ ಉಳಿಸಿಕೊಳ್ಳುತ್ತೇನೆ.

ಇನ್ನು ‘ಗಲ್ಲಾಪೆಟ್ಟಿಗೆ’. ಇಂಗ್ಲಿಷಿನ ‘ಬಾಕ್ಸ್ ಆಫೀಸ್’ನಲ್ಲಿರುವ ಬಾಕ್ಸ್ ಮೂಲತಃ ಹಣದ ಪೆಟ್ಟಿಗೆಯಲ್ಲ, ಶ್ರೀಮಂತರು ಗೊತ್ತು ಮಾಡಿಕೊಳ್ಳುತ್ತಿದ್ದ ರಂಗಮಂದಿರದ ಪ್ರತ್ಯೇಕ ಕೋಣೆ. ನಮ್ಮ ಸಿನಿಮಾ ಪತ್ರಕರ್ತರು ಅದನ್ನು ಹಣದ ಪೆಟ್ಟಿಗೆ ಮಾಡಿದರು, ಅದೇ ನಿಂತಿತು, ಇರಲಿ. ಆದರೆ ಇಂದು ‘ಗಲ್ಲಾಪೆಟ್ಟಿಗೆ’ ಎಂದರೆ ಗಳಿಕೆಯ ಲೆಕ್ಕ, ಟಿಕೆಟ್ ಕೊಡುವ ಕಿಟಕಿ ಅಲ್ಲ. ‘ಗಲ್ಲಾಪೆಟ್ಟಿಗೆಯ ಮುಂದೆ ಸಾಲು ನಿಂತರು’ ಎಂದು ಬರೆಯುವಂತಿಲ್ಲ. ಬರೀ ‘ಟಿಕೆಟ್ ಕಿಟಕಿ’ ಎಂದಿಟ್ಟಿದ್ದೇನೆ, ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಿ.

ಧಾರವಾಡ, ಕಲಬುರಗಿ ಕಡೆಯವರು ಟಿಕೆಟ್ ಪುಸ್ತಕ ಮಾರಾಟವಾದದ್ದಕ್ಕೆ ‘ಹರಿ’ ಬಳಸುತ್ತೀರಾ? ಕರಾವಳಿಯವರಿಗೂ ಒಂದು ಪ್ರಶ್ನೆ: ಯಕ್ಷಗಾನದ ಬಯಲಾಟಕ್ಕೆ ಟಿಕೆಟ್ ಇರಲಿಲ್ಲ, ಡೇರೆ ಮೇಳಗಳ ಆಟಕ್ಕೆ ಇತ್ತು. ಅಲ್ಲಿ ಬಾಗಿಲಲ್ಲಿ ಹರಿದು ಕೈಗೆ ಕೊಡುತ್ತಿದ್ದ ತುಂಡಿಗೆ ಏನೆನ್ನುತ್ತಿದ್ದರು? ಕರಡನ್ನು ಈ ವಾರದ ಕೊನೆಗೆ ಹಿಂದಿರುಗಿಸಬೇಕು. ಉಳಿದದ್ದಕ್ಕೆ ಪುರುಸೊತ್ತಿಲ್ಲದಿದ್ದರೂ ಆ ಅರೆಚೀಟಿಗೆ ಒಂದು ಹೆಸರು ಬರೆದು ಕಳುಹಿಸಿ.