ಕಾನೂನು ಸಮಾನವಾದ ಮೇಲೂ ಹೆಣ್ಣಿನ ಅಧೀನತೆ ಉಳಿಯುವುದೇಕೆ?

ಪ್ರಶ್ನೆ
ಸ್ತ್ರೀವಾದಿ ಚಿಂತನೆಯನ್ನು ಕ್ರಮವಾಗಿ ಓದಲು ತೊಡಗಿದ್ದೇನೆ. ಶಿಕ್ಷಣ, ಮತದಾನ, ಆಸ್ತಿಯ ಹಕ್ಕುಗಳು ದೊರೆತರೆ ಸಮಾನತೆ ಸಾಧ್ಯವೆಂದು ಉದಾರವಾದಿಗಳು ಹೇಳುತ್ತಾರೆ. ಖಾಸಗಿ ಆಸ್ತಿಯೇ ಅಧೀನತೆಯ ಮೂಲವೆಂಬುದು ಮಾರ್ಕ್ಸ್‌ವಾದಿಗಳ ನಿಲುವು. ತೀವ್ರಗಾಮಿ ಸ್ತ್ರೀವಾದಿಗಳು ಕುಟುಂಬವನ್ನೇ ಪ್ರಶ್ನಿಸುತ್ತಾರೆ. ನ್ಯೂಜಿಲೆಂಡಿನ ಮಹಿಳೆಯರಿಗೆ ಮತದಾನದ ಹಕ್ಕು ಬಂದದ್ದು 1893ರಲ್ಲಿ. ಕಾನೂನಿನ ಬಲ ಇಷ್ಟು ಹಳೆಯದಾಗಿದ್ದರೂ ಮನೆಯೊಳಗಿನ ಮೇಲುಕೀಳು ಏಕೆ ಅಳಿದಿಲ್ಲವೆಂಬುದನ್ನು ಈ ಮೂರರಲ್ಲಿ ಯಾವ ವಾದ ಚೆನ್ನಾಗಿ ವಿವರಿಸುತ್ತದೆ?

ಮೊದಲ ಉತ್ತರ
ಕಾನೂನನ್ನು ಅಷ್ಟು ಹಗುರವಾಗಿ ಕಾಣಬೇಡಿ. ಇಂಗ್ಲೆಂಡಿನಲ್ಲಿ 1870ರ ಕಾಯಿದೆ ಬರುವವರೆಗೂ ಮದುವೆಯಾದ ಹೆಣ್ಣು ದುಡಿದು ತಂದ ಕೂಲಿ ಕಾನೂನಿನ ಪ್ರಕಾರ ಗಂಡನದಾಗಿತ್ತು; ಸ್ವಂತ ಹೆಸರಿನಲ್ಲಿ ಆಸ್ತಿ ಹೊಂದುವ ಪೂರ್ಣ ಹಕ್ಕಿಗಾಗಿ ಅವಳು 1882ರವರೆಗೆ ಕಾಯಬೇಕಾಯಿತು. ಕೈಯಲ್ಲಿ ಬಿಡಿಗಾಸೂ ಇಲ್ಲದವಳು ಮನೆಯಲ್ಲಿ ಯಾವ ಬಲದಿಂದ ಎದುರು ಮಾತನಾಡಬೇಕು? ಹೆಣ್ಣಿನ ದೌರ್ಬಲ್ಯವೆಂದು ಹೇಳಲಾಗುವುದೆಲ್ಲ ಅವಳನ್ನು ಬೆಳೆಸಿದ ರೀತಿಯ ಫಲವೆಂದು 1792ರಲ್ಲಿ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮಂಡಿಸಿದ ವಾದ ಇಂದಿಗೂ ಗಟ್ಟಿಯಾಗಿಯೇ ನಿಂತಿದೆ.

ಎರಡನೆಯ ಉತ್ತರ
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಮನೆಯ ಹೊಸ್ತಿಲು ದಾಟುವುದಿಲ್ಲ. ಮಾರ್ಕ್ಸ್‌ವಾದವೂ ಪೂರ್ತಿ ದಾಟಲಿಲ್ಲ: ಸೋವಿಯತ್ ಒಕ್ಕೂಟದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆಗಳಿಗೆ ಹೋದರೂ, ಪಾಳಿ ಮುಗಿಸಿ ಬಂದವರಿಗೆ ಅಡುಗೆ, ಬಟ್ಟೆ, ಮಕ್ಕಳ ಕೆಲಸ ಹಾಗೆಯೇ ಕಾದಿರುತ್ತಿತ್ತು. ಗಂಟು ಇರುವುದು ಕೂಲಿಯಿಲ್ಲದ ಮನೆಗೆಲಸ ಮತ್ತು ಆರೈಕೆಯಲ್ಲಿ ಎಂಬುದು ನನ್ನ ಅಭಿಪ್ರಾಯ. 1972ರಲ್ಲಿ ಆರಂಭವಾದ ‘ಮನೆಗೆಲಸಕ್ಕೆ ಕೂಲಿ’ ಚಳವಳಿ ಹೇಳಿದ್ದೂ ಇದನ್ನೇ; ಕೆಲಸಗಾರನನ್ನು ದಿನವೂ ಉಣಿಸಿ, ಉಡಿಸಿ ಕಳುಹಿಸುವ ದುಡಿಮೆಯಿಲ್ಲದೆ ಯಾವ ಕಾರ್ಖಾನೆಯೂ ನಡೆಯದು, ಆದರೂ ಪ್ರೀತಿಯ ಹೆಸರಿನಲ್ಲಿ ಅದು ಲೆಕ್ಕದಿಂದ ಹೊರಗುಳಿಯುತ್ತದೆ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇ. 90ರಷ್ಟು ಮಹಿಳೆಯರು ಹೊರಗಿನ ಕೆಲಸವನ್ನೂ ಮನೆಗೆಲಸವನ್ನೂ ಒಟ್ಟಿಗೆ ನಿಲ್ಲಿಸಿದಾಗ ಅನೇಕ ಶಾಲೆಗಳೂ ಮೀನಿನ ಕಾರ್ಖಾನೆಗಳೂ ಮುಚ್ಚಿದವು, ತಂದೆಯರು ಮಕ್ಕಳನ್ನು ಕಚೇರಿಗೇ ಕರೆತಂದರು, ಬೇಗ ಬೇಯುವ ಸಾಸೇಜುಗಳು ಅಂಗಡಿಗಳಲ್ಲಿ ಖಾಲಿಯಾದವು.

ಮೂರನೆಯ ಉತ್ತರ
ಎಲ್ಲ ಹೆಂಗಸರ ಅಧೀನತೆಯೂ ಒಂದೇ ಬಗೆಯದಲ್ಲ. ವಾಹನ ತಯಾರಿಕಾ ಕಂಪನಿಯೊಂದರ ವಿರುದ್ಧ ಕಪ್ಪು ಮಹಿಳೆಯರು ಹೂಡಿದ ಉದ್ಯೋಗ ತಾರತಮ್ಯದ ದಾವೆಯಲ್ಲಿ, ಜನಾಂಗ ಮತ್ತು ಲಿಂಗವನ್ನು ಕೂಡಿಸಿ ದೂರುವಂತಿಲ್ಲವೆಂದು ಅಮೆರಿಕದ ನ್ಯಾಯಾಲಯವೊಂದು 1976ರಲ್ಲಿ ತೀರ್ಪಿತ್ತಿತು. ಕಂಪನಿ ಮೊದಲಿನಿಂದ ಹೆಂಗಸರನ್ನು ನೇಮಿಸಿಕೊಂಡಿತ್ತು ನಿಜ, ಆದರೆ ಅವರು ಬಿಳಿಯರು. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಈ ಪ್ರಕರಣವನ್ನು ಮುಂದಿಟ್ಟುಕೊಂಡೇ ಜನಾಂಗ ಮತ್ತು ಲಿಂಗದ ತಾರತಮ್ಯಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆಂಬ ತಮ್ಮ ವಾದವನ್ನು ಕಟ್ಟಿದರು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಎರಡನೆಯ ಉತ್ತರ ಬರೆದವರಲ್ಲಿ ಒಂದು ಸಂದೇಹ: ಮನೆಗೆಲಸಕ್ಕೆ ಕೂಲಿ ಕೊಟ್ಟರೆ ಅದು ಹೆಣ್ಣಿನದೇ ಕೆಲಸವೆಂದು ಇನ್ನಷ್ಟು ಖಾಯಂ ಆಗುವುದಿಲ್ಲವೇ?

ಎರಡನೆಯ ಉತ್ತರ ಬರೆದವರು
ಆ ಅಪಾಯ ಇದ್ದೇ ಇದೆ. ಆದ್ದರಿಂದ ನಾನು ಕೂಲಿಗಿಂತ ಹಂಚಿಕೆಯ ಪರ. ಐಸ್‌ಲ್ಯಾಂಡ್ 2000ದಲ್ಲಿ ತಂದ ಕಾಯಿದೆ ಮಗುವಿನ ಆರೈಕೆಗಾಗಿ ತಾಯಿಗೆ 3 ತಿಂಗಳು, ತಂದೆಗೆ 3 ತಿಂಗಳು, ಇಬ್ಬರಲ್ಲಿ ಯಾರಾದರೂ ಬಳಸಬಹುದಾದ 3 ತಿಂಗಳು ವೇತನಸಹಿತ ರಜೆಯನ್ನು ನೀಡಿತು. ತಂದೆ ತನ್ನ ಪಾಲನ್ನು ಬಳಸದಿದ್ದರೆ ಅದು ತಾಯಿಗೆ ವರ್ಗವಾಗದೆ ನಷ್ಟವಾಗುತ್ತಿದ್ದುದರಿಂದ ಬಹುಪಾಲು ತಂದೆಯರು ರಜೆ ಹಾಕತೊಡಗಿದರು. ಯಾರಾದರೂ ಬಳಸಬಹುದಾಗಿದ್ದ ತಿಂಗಳುಗಳನ್ನು ಮಾತ್ರ ಹೆಚ್ಚಾಗಿ ತಾಯಂದಿರೇ ತೆಗೆದುಕೊಂಡರು.