ಅಪ್‌ಡೇಟ್: ಬೆಂಜೀನ್ ಸ್ಥಿರ, ಸೈಕ್ಲೊಬ್ಯುಟಡೈಈನ್ ಯಾಕೆ ಅಲ್ಲ?

ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನನ್ನ ಪ್ರಶ್ನೆ ಇಷ್ಟೇ ಇತ್ತು: ಆರು ಕಾರ್ಬನ್ನಿನ ಬೆಂಜೀನ್, ನಾಲ್ಕು ಕಾರ್ಬನ್ನಿನ ಸೈಕ್ಲೊಬ್ಯುಟಡೈಈನ್, ಈ ಎರಡು ಉಂಗುರಗಳಲ್ಲೂ ಒಂಟಿ ಬಂಧ, ಜೋಡಿ ಬಂಧ ಅದಲುಬದಲು ಮಾಡಿ ರೆಸೊನೆನ್ಸ್ ಚಿತ್ರ ಬರೆಯಬಹುದಲ್ಲ, ಮತ್ತೆ ಒಂದು ಸ್ಥಿರ, ಇನ್ನೊಂದು ಅಸ್ಥಿರ ಯಾಕೆ?

ಫ್ರಾಸ್ಟ್ ವೃತ್ತ (ಉಂಗುರದಲ್ಲಿ ಇಲೆಕ್ಟ್ರಾನ್ ಕೂರುವ ಆರ್ಬಿಟಲ್ ನೆಲೆಗಳ ಶಕ್ತಿ ತೋರಿಸುವ ಚಿತ್ರ) ಬರೆದು ನೋಡಿ ಅಂತ ಒಬ್ಬರು ಹೇಳಿದ್ದರು. 2β ತ್ರಿಜ್ಯದ ವೃತ್ತದೊಳಗೆ ಬಹುಭುಜವನ್ನು ಒಂದು ಮೂಲೆ ಕೆಳಗೆ ಬರುವಂತೆ ಕೂರಿಸಬೇಕು. ಮೂಲೆ ತಾಗಿದ ಎತ್ತರವೇ ಆರ್ಬಿಟಲ್‌ನ ಶಕ್ತಿ. ವೃತ್ತದ ಕೇಂದ್ರದ ಮಟ್ಟ α, ಅಂದರೆ ಬಂಧವಿಲ್ಲದ ಬಿಡಿ ಕಾರ್ಬನ್ ಆರ್ಬಿಟಲ್‌ನ ಶಕ್ತಿ; β ಅಂದರೆ ಪಕ್ಕದ ಕಾರ್ಬನ್‌ಗಳು ಬೆಸೆದಾಗ ಶಕ್ತಿ ಇಳಿಯುವ ಅಳತೆ. ಬೆಂಜೀನ್‌ನಲ್ಲಿ 6 ಪೈ (ಜೋಡಿ ಬಂಧದ ಎರಡನೇ ಬಂಧದ) ಇಲೆಕ್ಟ್ರಾನ್‌ಗಳು ಕೆಳಗಿನ ಮೂರು ಆರ್ಬಿಟಲ್‌ಗಳಲ್ಲೇ ಮುಗಿದುಹೋಗುತ್ತವೆ. ಮೊತ್ತ 6α+8β. ಒಂದೇ ಜೋಡಿ ಬಂಧವಿರುವ ಮೂರು ಬಿಡಿ ಎಥಿಲೀನ್‌ಗಳಾಗಿದ್ದರೆ 6α+6β, ಅಂದರೆ 2β ಲಾಭ. ಚೌಕದಲ್ಲಿ, ಅಂದರೆ ಸೈಕ್ಲೊಬ್ಯುಟಡೈಈನ್‌ನಲ್ಲಿ, ಎರಡು ಇಲೆಕ್ಟ್ರಾನ್ ಕೆಳಗೆ, ಉಳಿದೆರಡು ಒಂದೊಂದಾಗಿ α ಮಟ್ಟದ ಎರಡು ಬಂಧರಹಿತ ಆರ್ಬಿಟಲ್‌ಗಳಿಗೆ. ಮೊತ್ತ 4α+4β, ಎರಡು ಎಥಿಲೀನ್‌ಗಳಷ್ಟೇ. ಲಾಭ ಸೊನ್ನೆ! ರೆಸೊನೆನ್ಸ್ ಬಾಣಗಳು ಇದನ್ನು ತೋರಿಸುವುದೇ ಇಲ್ಲ. ಪಿಯುಸಿಯಲ್ಲೇ ಈ ವೃತ್ತ ಹೇಳಿಕೊಟ್ಟರೆ ಏನು ನಷ್ಟವೋ. ಸೈಕ್ಲೊಬ್ಯುಟಡೈಈನ್ ಅಣು ಚೌಕವಾಗಿಯೂ ಉಳಿಯದೆ ಆಯತಕ್ಕೆ ಎಳೆದುಕೊಳ್ಳುತ್ತದೆ.

(1931ರಲ್ಲಿ ಈ ಲೆಕ್ಕದ ವಿಧಾನ ಕೊಟ್ಟ ಎರಿಕ್ ಹ್ಯುಕೆಲ್ ಕೈಲೆಕ್ಕದಲ್ಲೇ ಇಲ್ಲಿಗೆ ಬಂದಿದ್ದರು.)

ಆಮೇಲೆ ಎಂಟು ಕಾರ್ಬನ್ ಉಂಗುರವಾದ ಸೈಕ್ಲೊಆಕ್ಟಟೆಟ್ರಈನ್‌ಗೂ ಬರೆದೆ. 8 ಇಲೆಕ್ಟ್ರಾನ್, ಮತ್ತೆ ಅದೇ ಅರೆತುಂಬಿದ ಜೋಡಿ. ಅದು ಚಪ್ಪಟೆಯಾಗಿರದೆ ತೊಟ್ಟಿಯಂತೆ ಬಾಗಿರುತ್ತದೆ. ಪೊಟ್ಯಾಸಿಯಂನಿಂದ ಇನ್ನೆರಡು ಇಲೆಕ್ಟ್ರಾನ್ ಕೊಟ್ಟರೆ ಆ ಜೋಡಿ ಭರ್ತಿ, ಉಂಗುರ ಚಪ್ಪಟೆ, ಬಂಧಗಳೆಲ್ಲ ಸಮ. ಋಣ ಆವೇಶ ಎರಡಿದ್ದರೂ!