ಓಬವ್ವನ ಕಥೆಗೆ ಅನಿಮೇಶನ್ ಸ್ಕ್ರಿಪ್ಟ್ ಬರೆಯೋದು ಹೇಗೆ?

ಕೇಳಿದವರು, ದಾವಣಗೆರೆ:
ನಾಟಕ ಬರೆದು ರೂಢಿ ಇದೆ. ಈಗ ಚಿತ್ರದುರ್ಗದ ಒನಕೆ ಓಬವ್ವನ ಕಥೆಯನ್ನ 5 ನಿಮಿಷದ 2ಡಿ ಅನಿಮೇಶನ್‌ಗೆ ಬರೀತಿದ್ದೀನಿ. ಓದಿದ ಆರ್ಟಿಸ್ಟ್ "ಇದರಲ್ಲಿ ಬಿಡಿಸೋಕೆ ಏನೂ ಇಲ್ರೀ" ಅಂದ್ರು. ಎಲ್ಲಿ ತಪ್ಪುತ್ತಿದೆ? ಗೊತ್ತಿದ್ದವರು ಹೇಳ್ರಿ.

ಉತ್ತರ 1:
ನಾಟಕದಲ್ಲಿ ಕಥೆ ಮಾತಿನ ಮೇಲೆ ನಡೆಯುತ್ತೆ, ತೊಡಕು ಅಲ್ಲೇ ಇದೆ. "ಓಬವ್ವನಿಗೆ ಅನುಮಾನ ಬಂತು" ಅಂದರೆ ಆರ್ಟಿಸ್ಟ್ ಏನು ಬಿಡಿಸಬೇಕು? ಹೀಗೆ ಬರೀರಿ:

ಹೊರಗೆ. ಕೋಟೆಯ ಕಿಂಡಿ. ಮಧ್ಯಾಹ್ನ.
ಓಬವ್ವ ಖಾಲಿ ಕೊಡ ಹಿಡಿದು ಬರುತ್ತಾಳೆ. ಬಂಡೆಯ ಆಚೆ ಪಿಸುಮಾತು. ಹೆಜ್ಜೆ ನಿಲ್ಲುತ್ತದೆ. ಸದ್ದಾಗದಂತೆ ಕೊಡ ಕೆಳಗಿಡುತ್ತಾಳೆ. ಕಿಂಡಿಯ ಕತ್ತಲಿಂದ ಒಂದು ಪೇಟ ಹೊರಬರುತ್ತದೆ.

ವಾಕ್ಯಕ್ಕೊಂದು ಚಿತ್ರ, ಎಲ್ಲಾ ವರ್ತಮಾನ ಕಾಲದಲ್ಲಿ. ಕ್ಲೋಸಪ್, ಝೂಮ್ ಅಂತ ತುಂಬಬೇಡಿ, ಅದು ಸ್ಟೋರಿಬೋರ್ಡ್ (ದೃಶ್ಯಗಳನ್ನ ಒಂದೊಂದಾಗಿ ಚಿತ್ರದಲ್ಲಿ ಜೋಡಿಸೋದು) ಮಾಡುವವರ ಕೆಲಸ.

ಉತ್ತರ 2:
ಲೆಕ್ಕ ತಲೇಲಿರಲಿ. ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆ ಮೇಲೆ ಒಂದರ ಹಿಂದೆ ಒಂದು ಬರೋ 24 ಸ್ಥಿರಚಿತ್ರ. ಒಂದೊಂದು ಚಿತ್ರವನ್ನ ಎರಡು ಫ್ರೇಮ್ ಹಿಡಿದರೂ 12 ಚಿತ್ರ ಬೇಕು. ಒಂದೇ ಪಾತ್ರ 5 ನಿಮಿಷ ಬಿಡದೆ ಅಲ್ಲಾಡಿದರೆ 3,600 ಆಯ್ತು! "ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿತು" ಅನ್ನೋದು ಬರೆಯೋಕೆ ಒಂದು ಸಾಲು, ಬಿಡಿಸೋಕೆ ತಿಂಗಳುಗಟ್ಟಲೆ. ಕುದುರೆ, ಹರಿಯುವ ನೀರು, ಗಾಳಿಗೆ ಹಾರೋ ಸೆರಗು ಕೂಡ ಹಾಗೇ ಕೈ ಕಚ್ಚುತ್ತವೆ.

ಆದರೆ ನಿಮ್ಮ ಕಥೆಯಲ್ಲೇ ಪರಿಹಾರ ಇದೆ. ಕಿಂಡಿಯಲ್ಲಿ ನುಸುಳೋದು ಒಬ್ಬೊಬ್ಬರೇ ಅಲ್ವಾ? ಒಬ್ಬ ಸೈನಿಕನನ್ನ ಚೆನ್ನಾಗಿ ಬಿಡಿಸಿ, ಪೇಟ, ಮೀಸೆ ಬದಲಿಸಿ ಮತ್ತೆ ಬಳಸಬಹುದು. ಆಚೆ ಇರುವ ಸೈನ್ಯ ಬರೀ ಸದ್ದಾಗಿ ಕೇಳಲಿ. ಒನಕೆಯ ಏಟು ಗೋಡೆ ಮೇಲಿನ ನೆರಳಲ್ಲಿ ಆಗಲಿ. ಹೆದರಿಕೆಯೂ ಹೆಚ್ಚುತ್ತೆ, ಖರ್ಚೂ ಉಳಿಯುತ್ತೆ.

ಉತ್ತರ 3:
ಸ್ಕ್ರಿಪ್ಟಿನ "ಒಂದು ಪುಟ ಪರದೆ ಮೇಲೆ ಒಂದು ನಿಮಿಷ" ಅನ್ನೋ ಲೆಕ್ಕವನ್ನ ಕನ್ನಡದಲ್ಲಿ ನಂಬಬೇಡಿ. ಅದು 12 ಪಾಯಿಂಟ್ ಕೊರಿಯರ್ ಫಾಂಟಿಗೆ ಹೊಂದಿದ್ದು, ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ಬೇರೆ ಫಾಂಟ್ ಬಂದಾಗ ಸಾಲಿನ ಅಳತೆ ಬದಲಾಗುತ್ತೆ. ಫೋನಿನ ಸ್ಟಾಪ್‌ವಾಚ್ ಒತ್ತಿ ಗಟ್ಟಿಯಾಗಿ ಓದಿ. ಮಾತಿಲ್ಲದ ಕಡೆ ಎದ್ದು ಅಭಿನಯಿಸಿಯೇ ಸಮಯ ಹಿಡೀರಿ.

ಸಾಮಾನ್ಯವಾಗಿ ಧ್ವನಿ ಮೊದಲು ರೆಕಾರ್ಡ್ ಆಗಿ, ತುಟಿಯ ಚಲನೆ ಅದಕ್ಕೆ ತಕ್ಕಂತೆ ಬರುತ್ತೆ. ಆಮೇಲೆ ಒಂದು ಪದ ತಿದ್ದಿದರೂ ಬಾಯಿ ಮತ್ತೆ ಬಿಡಿಸಬೇಕು. ಅದಕ್ಕೇ ಮೊದಲು ನಿಮ್ಮದೇ ದನಿಯಲ್ಲಿ ಕಚ್ಚಾ ರೆಕಾರ್ಡಿಂಗ್ ಮಾಡಿ, ಸ್ಟೋರಿಬೋರ್ಡಿನ ಚಿತ್ರಗಳನ್ನ ಅದರ ಮೇಲೆ ಜೋಡಿಸಿ ನೋಡಿ, ಈ ಕಚ್ಚಾ ವಿಡಿಯೋಗೆ ಆನಿಮ್ಯಾಟಿಕ್ ಅಂತಾರೆ. ಬೇಸರ ಬರೋ ಜಾಗ ಅಲ್ಲಿ ಬರಿಗಣ್ಣಿಗೆ ಕಾಣುತ್ತೆ. ಇದಕ್ಕೆ ಬ್ಲೆಂಡರ್ ಅನ್ನೋ ಸಾಫ್ಟ್‌ವೇರ್‌ನಲ್ಲಿರೋ ಚಿತ್ರ ಬಿಡಿಸೋ ಸಾಧನ, ಗ್ರೀಸ್ ಪೆನ್ಸಿಲ್ ಸಾಕು, ಪುಕ್ಕಟೆ.

ಕೇಳಿದವರು:
ಗಂಡ ಊಟಕ್ಕೆ ಬರೋ ದೃಶ್ಯದಲ್ಲಿ ಒಂದೂವರೆ ಪುಟ ಮಾತಿದೆ. ಎಷ್ಟು ಉಳಿಸಲಿ?

ಉತ್ತರ 1:
ಒಂದೂ ಬೇಡ. ಗಂಡ ತುತ್ತು ಕಲಸುತ್ತಾನೆ. ತಂಬಿಗೆ ಬಗ್ಗಿಸಿದರೆ ನೀರಿಲ್ಲ. ಓಬವ್ವ ಕೊಡ ಎತ್ತಿಕೊಳ್ಳುತ್ತಾಳೆ. ಮೂರೇ ಶಾಟ್. ಅವನು ಕಹಳೆ ಊದುವವನಲ್ವಾ, ಆ ಕಹಳೆ ಗೋಡೆಗೆ ತೂಗಿರೋದನ್ನ ಇಲ್ಲೇ ತೋರಿಸಿಬಿಡಿ. ಕೊನೆಯಲ್ಲಿ ಅವನು ಅದನ್ನ ಊದಿದಾಗ ಯಾರೂ ವಿವರಿಸಬೇಕಾಗಿಲ್ಲ.